ಹೊಲಾಂತ್ ಬಂಡೆಯ ಮೇಲೆ ಪುಟ್ಟ ರೇಡಾರ್: ಜನವರಿಯಿಂದ ಮೇ ತನಕದ ಕೆಲಸದ ದಿನಚರಿ

ಮೇ 30ಕ್ಕೆ ಗೋವಾದ ಹೊಲಾಂತ್ ಬೀಚಿನ ಬಂಡೆ ಮೇಲಿಂದ ರೇಡಾರ್ ಪೆಟ್ಟಿಗೆ ಇಳಿಸಿ ಮನೆಗೆ ತಂದೆ. ಜೂನ್ 1ರಿಂದ ಗೋವಾದಲ್ಲಿ ಮೀನುಗಾರಿಕೆ ಬಂದ್. ಮಳೆ ಶುರುವಾದ ಮೇಲೆ ಆ ಬಂಡೆಯ ಮೇಲೆ ಕೂರುವ ಮಾತೇ ಇಲ್ಲ. ಐದು ತಿಂಗಳ ನೋಟ್‌ಬುಕ್ ಎದುರಿಗಿದೆ. ಯಾವ ದಿನ ಏನು ಮಾಡಿದೆ, ಎಲ್ಲಿ ತಪ್ಪಿದೆ, ಎಷ್ಟು ದುಡ್ಡು ಹೋಯಿತು, ಎಲ್ಲ ಇಲ್ಲಿ ಬರೆಯುತ್ತಿದ್ದೇನೆ. ಇಂಥದ್ದೇ ಕೆಲಸಕ್ಕೆ ಕೈ ಹಾಕುವವರಿಗೆ ನನ್ನ ತಪ್ಪುಗಳೇ ಜಾಸ್ತಿ ಉಪಯೋಗಕ್ಕೆ ಬರುತ್ತವೆ, ಹಾಗಾಗಿ ಅವನ್ನು ಬಿಡಿಸಿ ಬರೆದಿದ್ದೇನೆ.

ನನ್ನ ಊರು ಹುಬ್ಬಳ್ಳಿ ಕಡೆ. ಕೆಲಸ ವೆರ್ಣಾದ ಒಂದು ಕಾರ್ಖಾನೆಯಲ್ಲಿ, ಮೀಟರು ಸೆನ್ಸರುಗಳ ರಿಪೇರಿ. ಮನೆ ವಾಸ್ಕೋ ಪಕ್ಕದ ಝುವಾರಿನಗರ. ಅಕ್ಕನ ಮಗ ಡಿಪ್ಲೊಮಾ ಓದಲು ನಮ್ಮ ಮನೆಯಲ್ಲೇ ಇದ್ದಾನೆ, ಭಾನುವಾರಗಳಲ್ಲಿ ಅವನೇ ನನ್ನ ಜೊತೆ.

ಅಳೆಯಬೇಕಿದ್ದದ್ದು ಇಷ್ಟು: ಸಮುದ್ರದ ಮೈಮೇಲೆ ರೇಡಾರ್ ಅಲೆ ಓರೆಯಾಗಿ ಬಿದ್ದರೆ ಅದರಲ್ಲಿ ಎಷ್ಟು ಪಾಲು ನಮ್ಮ ಕಡೆಗೇ ಚದುರಿ ವಾಪಸ್ ಬರುತ್ತೆ, ಗಾಳಿ ಜೊತೆ ಅದು ಹೇಗೆ ಬದಲಾಗುತ್ತೆ. ಥಿಯರಿ ಒಂದೇ ಪ್ಯಾರಾದಲ್ಲಿ ಮುಗಿಸುತ್ತೇನೆ. ಎಚ್‌ಬಿ100 ಅನ್ನೋ ಅಗ್ಗದ ಡಾಪ್ಲರ್ ಮಾಡ್ಯೂಲ್ 10.525 ಗಿಗಾಹರ್ಟ್ಜ್‌ನಲ್ಲಿ ಕೆಲಸ ಮಾಡುತ್ತೆ, ಅಂದರೆ ಅಲೆಯುದ್ದ 28.5 ಮಿಲಿಮೀಟರ್. ನೀರಿನ ಮಟ್ಟದಿಂದ 20 ಡಿಗ್ರಿ ಓರೆಯಲ್ಲಿ ನೋಡಿದರೆ ಅದಕ್ಕೆ ಹೊಂದುವುದು ಹೆಚ್ಚುಕಮ್ಮಿ ಅದರ ಅರ್ಧದಷ್ಟು, 15 ಮಿಲಿಮೀಟರ್ ಉದ್ದದ ಕಿರುತೆರೆ. ಒಂದೊಂದು ಕಿರುತೆರೆಯಿಂದ ಚದುರಿದ್ದು ಒಂದರ ಮೇಲೊಂದು ಕೂಡಿಕೊಂಡು ಜೋರಾಗುತ್ತೆ. ಇದಕ್ಕೆ ಬ್ರಾಗ್ ಚದುರಿಕೆ ಅನ್ನುತ್ತಾರೆ. 1955ರಲ್ಲಿ ನ್ಯೂಜಿಲೆಂಡಿನ ಡಗ್ಲಸ್ ಕ್ರಾಂಬಿ 13.56 ಮೆಗಾಹರ್ಟ್ಜ್‌ನಲ್ಲಿ ಇದನ್ನು ಸಮುದ್ರದ ಮೇಲೆ ತೋರಿಸಿದರು. ಅವರ ಅಲೆಯುದ್ದ 22 ಮೀಟರ್, ಹಾಗಾಗಿ ಅವರಿಗೆ ಸಿಕ್ಕಿದ್ದು 11 ಮೀಟರಿನ ತೆರೆ. ನನಗೆ ಸಿಗಬೇಕಾದದ್ದು ಬೆರಳಗಲದ ತೆರೆ. ಅಷ್ಟು ಸಣ್ಣ ತೆರೆ ಸೆಕೆಂಡಿಗೆ ಸುಮಾರು 23 ಸೆಂಟಿಮೀಟರ್ ಓಡುತ್ತೆ, ಲೆಕ್ಕ ಹಾಕಿದರೆ 15 ಹರ್ಟ್ಜ್ ಡಾಪ್ಲರ್, ಅಂದರೆ ಓಡುವ ತೆರೆಯಿಂದ ವಾಪಸ್ ಬರುವ ಅಲೆಯ ಆವರ್ತನ ಅಷ್ಟು ಬದಲಾಗಿರುತ್ತೆ. ಮಾಡ್ಯೂಲ್ ಹೊರಗೆ ಕೊಡೋದು ಆ ವ್ಯತ್ಯಾಸವನ್ನೇ. ಆ 15 ಅನ್ನೋ ಅಂಕಿಯನ್ನು ನೆನಪಿಟ್ಟುಕೊಳ್ಳಿ, ಮುಂದೆ ಎಲ್ಲ ಅದರ ಸುತ್ತಲೇ.

1. ಜನವರಿ 12ರಿಂದ 25: ಆಂಪ್ಲಿಫೈಯರ್

ಎಚ್‌ಬಿ100ರಿಂದ ಬರುವ ಸಿಗ್ನಲ್ ಮೈಕ್ರೋವೋಲ್ಟ್ ಲೆಕ್ಕದಲ್ಲಿ ಇರುತ್ತೆ. ಅದನ್ನು ದೊಡ್ಡದು ಮಾಡಲು ಎರಡು ಹಂತದ ಆಪ್-ಆಂಪ್ (ಆಂಪ್ಲಿಫೈಯರ್ ಚಿಪ್ಪು) ಬೇಕೇ ಬೇಕು. ಎಲ್ಲ ಕಡೆ ಸಿಗುವ ಸರ್ಕ್ಯೂಟನ್ನೇ ಮೊದಲು ಕಟ್ಟಿದೆ: 10 ಕಿಲೋಓಮ್ ಜೊತೆ 4.7 ಮೈಕ್ರೋಫ್ಯಾರಡ್, ಫೀಡ್‌ಬ್ಯಾಕಿನಲ್ಲಿ 1 ಮೆಗಾಓಮ್ ಜೊತೆ 2.2 ನ್ಯಾನೋಫ್ಯಾರಡ್. ಇದು ಮನುಷ್ಯ ನಡೆದಾಡುವುದನ್ನು ಹಿಡಿಯಲು ಮಾಡಿದ್ದು, ಸುಮಾರು 3.4ರಿಂದ 72 ಹರ್ಟ್ಜ್ ಮಾತ್ರ ದಾಟಿಸುತ್ತೆ. ಸಮುದ್ರಕ್ಕೆ ಎರಡೂ ತುದಿ ಸಾಲದು. ಕೆಪಾಸಿಟರ್ 47 ಮೈಕ್ರೋಫ್ಯಾರಡ್ ಮಾಡಿದೆ, ಫೀಡ್‌ಬ್ಯಾಕಿಗೆ 470 ಪೈಕೋಫ್ಯಾರಡ್ ಹಾಕಿದೆ. ಎರಡನೇ ಹಂತದ ಗೇನ್ (ಎಷ್ಟು ಪಟ್ಟು ಹೆಚ್ಚಿಸುತ್ತೆ ಅನ್ನೋದು) 27ಕ್ಕೆ ಇಳಿಸಿದೆ, ಒಟ್ಟು 2,700 ಪಟ್ಟು. ಈಗ 0.4ರಿಂದ 330 ಹರ್ಟ್ಜ್ ತನಕ ಸಲೀಸು. ಒಂದು ವಿಷಯ: ಇಷ್ಟು ದೊಡ್ಡ ಕೆಪಾಸಿಟರ್ ಹಾಕಿದರೆ ಪವರ್ ಕೊಟ್ಟ ಮೇಲೆ ಒಂದೆರಡು ನಿಮಿಷ ಔಟ್‌ಪುಟ್ ಮೇಲೆ ಕೆಳಗೆ ತೂಗಾಡುತ್ತೆ. ಕಾಯಬೇಕು.

2. ಫೆಬ್ರವರಿ 2: ಫೋನಿನಲ್ಲಿ ರೆಕಾರ್ಡ್, ಇಡೀ ದಿನ ವ್ಯರ್ಥ

ಆಡಿಯೊ ಆವರ್ತನ ತಾನೆ, ಫೋನಿನ ಮೈಕ್ ಪಿನ್ನಿಗೇ ಕೊಟ್ಟು ರೆಕಾರ್ಡ್ ಮಾಡಿದರಾಯಿತು ಅಂದುಕೊಂಡೆ. ಹೊಲಾಂತ್ ಬೀಚಿನ ಕಲ್ಲಿನ ತುದಿಯಲ್ಲಿ ನಾಲ್ಕು ಗಂಟೆ ಕೂತು ಹನ್ನೊಂದು ಫೈಲ್ ಮಾಡಿದೆ. ಮನೆಗೆ ಬಂದು ಸ್ಪೆಕ್ಟ್ರಮ್ (ಯಾವ ಆವರ್ತನದಲ್ಲಿ ಎಷ್ಟು ಸಿಗ್ನಲ್ ಅನ್ನೋ ಚಿತ್ರ) ತೆಗೆದರೆ 20 ಹರ್ಟ್ಜ್ ಕೆಳಗೆ ಏನೂ ಇಲ್ಲ. ಫೋನಿಗೆ ಮನುಷ್ಯರ ಮಾತು ಮುಖ್ಯ, ಅಷ್ಟು ಕೆಳಗಿನದನ್ನು ಅದು ಬೇಕಂತಲೇ ಕತ್ತರಿಸಿ ಹಾಕುತ್ತೆ. ನಾನು ಹುಡುಕುತ್ತಿದ್ದ 15 ಸರಿಯಾಗಿ ಅಲ್ಲೇ ಇತ್ತು. ಇನ್ನೊಂದು ಕೆಟ್ಟದ್ದು ಅಂದರೆ ಫೋನು ತನ್ನಷ್ಟಕ್ಕೆ ತಾನೇ ಗೇನ್ ಹೆಚ್ಚುಕಮ್ಮಿ ಮಾಡುತ್ತೆ. ಬೆಳಿಗ್ಗೆಯ ಸಣ್ಣ ತೆರೆ, ಮಧ್ಯಾಹ್ನದ ಜೋರು ತೆರೆ, ಎರಡೂ ಒಂದೇ ಎತ್ತರ ಕಂಡವು. ಹನ್ನೊಂದು ಫೈಲೂ ಅಳಿಸಿದೆ.

3. ಫೆಬ್ರವರಿ 5ರಿಂದ 16: ಎಡಿಸಿ, ಬ್ಯಾಟರಿ, ಸುಟ್ಟ ಮಾಡ್ಯೂಲ್

ಎಡಿಎಸ್1115 ಅನ್ನೋ 16 ಬಿಟ್ಟಿನ ಎಡಿಸಿ (ಸಿಗ್ನಲ್ಲನ್ನು ಅಂಕಿಗಳಾಗಿ ಓದುವ ಚಿಪ್ಪು), ಅದನ್ನು ನಡೆಸಲು ಇಎಸ್‌ಪಿ32 ಅನ್ನೋ ಪುಟ್ಟ ಕಂಪ್ಯೂಟರ್ ಬೋರ್ಡು, ಎಸ್‌ಡಿ ಕಾರ್ಡು. ವೈಫೈ ಆಫ್ ಮಾಡಿ ಇಡಬೇಕು, ಇಲ್ಲದಿದ್ದರೆ ಅದು ಕರೆಂಟ್ ಎಳೆದಾಗಲೆಲ್ಲ ಸಿಗ್ನಲ್‌ನಲ್ಲಿ ಮುಳ್ಳು ಏಳುತ್ತೆ. ಎಡಿಸಿ ಸೆಕೆಂಡಿಗೆ 860 ಸಲ ಓದುತ್ತೆ ಅಂತ ಬರೆದಿದ್ದಾರೆ, ನಾನು ಹಾಗೇ ನಂಬಿದೆ. ಪಕ್ಕದ ಮನೆಯ ಟೀಚರ್ ಶಾಲೆಯ ಲ್ಯಾಬಿನಿಂದ 256 ಹರ್ಟ್ಜಿನ ಶ್ರುತಿಕವೆ ತಂದುಕೊಟ್ಟರು. ಅದನ್ನು ರಬ್ಬರಿಗೆ ಬಡಿದು ರೇಡಾರ್ ಮುಂದೆ ಹಿಡಿದರೆ ತೋರಿಸಿದ್ದು 271. ಅಂದರೆ ನಿಜಕ್ಕೂ ಓದುತ್ತಿದ್ದದ್ದು ಸೆಕೆಂಡಿಗೆ 812 ಸಲ. ಈ ಚಿಪ್ಪಿನ ಒಳಗಿನ ಗಡಿಯಾರ ಶೇಕಡಾ 10ರ ತನಕ ಆಚೀಚೆ ಇರಬಹುದು ಅಂತ ಡೇಟಾಶೀಟಿನಲ್ಲೇ ಇದೆ, ನಾನು ಓದಿರಲಿಲ್ಲ ಅಷ್ಟೇ. ಈಗ ಪ್ರತಿ ಫೈಲಿನಲ್ಲೂ ಶುರು ಮತ್ತು ಕೊನೆಯ ಸಮಯ ಬರೆಸಿ ಭಾಗಿಸುತ್ತೇನೆ.

ಪವರ್ ಬ್ಯಾಂಕ್ ಉಪಯೋಗಕ್ಕೆ ಬರಲಿಲ್ಲ. ನನ್ನ ಸರ್ಕ್ಯೂಟ್ ಎಳೆಯೋದು 85 ಮಿಲಿಆಂಪ್ ಅಷ್ಟೇ. ಚಾರ್ಜ್ ಮುಗಿಯಿತು ಅಂದುಕೊಂಡು ಪವರ್ ಬ್ಯಾಂಕ್ ಅರ್ಧ ನಿಮಿಷಕ್ಕೊಮ್ಮೆ ತಾನೇ ಆಫ್ ಆಗುತ್ತಿತ್ತು. 12 ವೋಲ್ಟ್ 7 ಆಂಪ್-ಅವರ್ ಬ್ಯಾಟರಿ, ಅದನ್ನು 5 ವೋಲ್ಟಿಗೆ ಇಳಿಸುವ 7805 ರೆಗ್ಯುಲೇಟರ್ ಹಾಕಿದೆ. ಹಾಕುವಾಗ ರೆಗ್ಯುಲೇಟರಿನ ಕಾಲು ಅದಲುಬದಲಾಗಿ ಮಾಡ್ಯೂಲಿಗೆ ನೇರ 12 ವೋಲ್ಟ್ ಹೋಯಿತು. ಮೊದಲ ಎಚ್‌ಬಿ100 ಅಲ್ಲಿಗೆ ಮುಗಿಯಿತು, ₹320.

4. ಫೆಬ್ರವರಿ 17ರಿಂದ 20: 100 ಹರ್ಟ್ಜಿನ ರೇಖೆ

ಹೊಸ ಮಾಡ್ಯೂಲ್ ಬಂದ ಸಂಜೆ ತಡೆಯಲಾಗದೆ ವಾಸ್ಕೋದ ಮೀನುಗಾರರ ಜೆಟ್ಟಿಗೆ ಹೋಗಿ ನೀರಿನ ಮೇಲೆ ಹಿಡಿದೆ. ಏಳು ಗಂಟೆ ದಾಟಿತ್ತು. ಫೈಲ್ ತೆರೆದರೆ 100 ಹರ್ಟ್ಜಿನಲ್ಲಿ ದಾರ ಎಳೆದ ಹಾಗೆ ಒಂದು ನೇರ ರೇಖೆ, ಸಮುದ್ರಕ್ಕಿಂತ ಹತ್ತು ಪಟ್ಟು ಜೋರು. ಮನೆ ಕರೆಂಟಿನ 50ರ ಎರಡರಷ್ಟು, ಅಂದರೆ ಮೇನ್ಸ್‌ನಿಂದ ನುಸುಳಿದ ಹಮ್ ಅನ್ನೋದು ಯಾರಿಗಾದರೂ ಹೊಳೆಯುತ್ತೆ. ಆದರೆ ನಾನು ಓಡಿಸುತ್ತಿದ್ದದ್ದು ಬ್ಯಾಟರಿಯಲ್ಲಿ! ಮನೆಗೆ ಬಂದೆ, ಅಡುಗೆಮನೆಯ ಕಟ್ಟೆ ಮೇಲೆ ಇಟ್ಟೆ, ಅಲ್ಲೂ ಅದೇ ರೇಖೆ. ಗ್ರೌಂಡ್ ವೈರ್ ದಪ್ಪ ಮಾಡಿದೆ, ಬೋರ್ಡಿಗೆ ತಗಡು ಸುತ್ತಿದೆ, ಎಡಿಸಿಯ ವೈರೆಲ್ಲ ಬಿಚ್ಚಿ ಮತ್ತೆ ಬೆಸುಗೆ ಹಾಕಿದೆ. ಎರಡು ರಾತ್ರಿ ಹೀಗೇ ಹೋಯಿತು. ಮೂರನೇ ರಾತ್ರಿ ಕರೆಂಟ್ ಹೋಯಿತು. ಲ್ಯಾಪ್‌ಟಾಪ್ ಪರದೆ ಮೇಲೆ ರೇಖೆಯೂ ಮಾಯವಾಯಿತು. ಕತ್ತಲಲ್ಲಿ ಅದನ್ನೇ ನೋಡುತ್ತಾ ಕೂತೆ. ಐದು ನಿಮಿಷಕ್ಕೆ ಕರೆಂಟ್ ಬಂತು, ಅಡುಗೆಮನೆಯ ಹಳೆ ಟ್ಯೂಬ್‌ಲೈಟ್ ಪಕಪಕ ಅಂತ ಹತ್ತಿತು, ಜೊತೆಗೇ ರೇಖೆಯೂ ವಾಪಸ್.

ಚೋಕ್ ಇರುವ ಟ್ಯೂಬಿನ ಒಳಗಿನ ಗ್ಯಾಸು ಸೆಕೆಂಡಿಗೆ ನೂರು ಸಲ ಹೊತ್ತಿ ಆರುತ್ತೆ. ಹೊತ್ತಿದಾಗ ಅದು ರೇಡಾರ್ ಅಲೆಗೆ ಲೋಹದ ಹಾಗೆ, ಆರಿದಾಗ ಬರೀ ಗಾಜು. ವೈರಿನಲ್ಲಿ ಯಾವ ದೋಷವೂ ಇರಲಿಲ್ಲ, ರೇಡಾರ್ ಟ್ಯೂಬ್‌ಲೈಟನ್ನು ಸರಿಯಾಗಿಯೇ ನೋಡುತ್ತಿತ್ತು. ಜೆಟ್ಟಿಯಲ್ಲಿ ತಲೆ ಮೇಲೆ ನಾಲ್ಕು ಟ್ಯೂಬ್ ಇದ್ದವು. ಇಂಥ ಮಾಡ್ಯೂಲ್ ಇಟ್ಟುಕೊಂಡವರು ಮೊದಲು ಮನೆಯ ಟ್ಯೂಬ್‌ಲೈಟ್ ಆರಿಸಿ ನೋಡಿ, ಆಮೇಲೆ ಸರ್ಕ್ಯೂಟ್ ಬಿಚ್ಚಿ.

5. ಮಾರ್ಚ್ 1ರಿಂದ 9: ಎಣ್ಣೆ ಡಬ್ಬದ ಹಾರ್ನ್

ಬರೀ ಮಾಡ್ಯೂಲಿನ ನೋಟ ತೀರಾ ಅಗಲ, ಒಂದು ಕಡೆಗೆ 80 ಡಿಗ್ರಿ, ಇನ್ನೊಂದು ಕಡೆಗೆ 40. ಬಂಡೆ, ನಾನು, ಹಿಂದೆ ಓಡಾಡುವ ನಾಯಿ ಎಲ್ಲ ಅದರೊಳಗೆ. ನೋಟ ಕಿರಿದು ಮಾಡಲು ಮಾಡ್ಯೂಲಿನ ಮುಂದೆ ಹಾರ್ನ್, ಅಂದರೆ ಬಾಯಿ ಅಗಲವಾದ ತಗಡಿನ ಕೊಳವೆ ಬೇಕು. ಗುಜರಿಯಿಂದ 15 ಕಿಲೋ ಎಣ್ಣೆಯ ಖಾಲಿ ಡಬ್ಬ ತಂದೆ. ಈ ತಗಡಿಗೆ ತವರದ ಲೇಪ ಇರುತ್ತೆ, ಹಾಗಾಗಿ ಬೆಸುಗೆ ಚೆನ್ನಾಗಿ ಹಿಡಿಯುತ್ತೆ. ಸೋಪಿನ ಪುಡಿ, ಬಿಸಿನೀರು ಹಾಕಿ ಮೂರು ಸಲ ತೊಳೆದರೂ ಕಾಯಿಸಿದಾಗ ಎಣ್ಣೆ ವಾಸನೆ ಮನೆ ತುಂಬಾ. ತಗಡಿನ ಕತ್ತರಿಯಿಂದ ನಾಲ್ಕು ತುಂಡು ಕತ್ತರಿಸಿದೆ. ಬಾಯಿ 96 × 80 ಮಿಲಿಮೀಟರ್, ಕತ್ತು ಮಾಡ್ಯೂಲಿನ ಅಳತೆಗೆ 46 × 40, ಉದ್ದ 110. ಬಾಯಿ ಚೌಕ ಮಾಡಲಿಲ್ಲ, ಯಾಕೆಂದರೆ ಚೌಕ ಮಾಡಿದರೆ ಎರಡು ದಿಕ್ಕಿನಲ್ಲಿ ನೋಟದ ಅಗಲ ಬೇರೆ ಬೇರೆ ಬರುತ್ತೆ. ಮುಂದೆ ಇದನ್ನು 90 ಡಿಗ್ರಿ ತಿರುಗಿಸಿ ಅಳೆಯಬೇಕಿತ್ತು, ಎರಡೂ ಕಡೆ ಒಂದೇ ಇರಬೇಕು. ಮೊದಲ ಹಾರ್ನಿನ ಬೆಸುಗೆ ಒಳಗಡೆ ಗಂಟುಗಂಟಾಗಿ ಉಳಿದು ಸರಿಬರಲಿಲ್ಲ. ಎರಡನೆಯದನ್ನು ಹೊರಗಿನಿಂದ ಬೆಸೆದೆ.

ನೋಟದ ಅಗಲ ಅಳೆಯುವಾಗ ಒಂದು ತಪ್ಪು. ಟೆರೇಸಿನಲ್ಲಿ ಒಂದು ಗುರಿ ತೂಗಾಡಿಸಿ, ಹಾರ್ನನ್ನು ಸ್ವಲ್ಪ ಸ್ವಲ್ಪವೇ ತಿರುಗಿಸುತ್ತಾ ಸಿಗ್ನಲ್ 3 ಡಿಬಿ (ಡೆಸಿಬೆಲ್, 3 ಇಳಿದರೆ ಶಕ್ತಿ ಅರ್ಧ) ಇಳಿದ ಕೋನ ಬರೆದುಕೊಂಡೆ, 14 ಡಿಗ್ರಿ ಬಂತು. ಖುಷಿಯಾಯಿತು. ಆದರೆ ಅಲೆ ಹೋಗುವಾಗ ಒಂದು ಸಲ, ಬರುವಾಗ ಒಂದು ಸಲ ಹಾರ್ನ್ ದಾಟುತ್ತೆ ಅಲ್ವಾ, ಆದ್ದರಿಂದ ನೋಡಬೇಕಾದದ್ದು 6 ಡಿಬಿ ಇಳಿತ. ಹಾಗೆ ನೋಡಿದರೆ 20 ಡಿಗ್ರಿ.

6. ಮಾರ್ಚ್ 16: ಮುಚ್ಚಳದ ಸದ್ದು

ಉಪ್ಪುಗಾಳಿಗೆ ಹೆದರಿ ಎಲ್ಲವನ್ನೂ ಒಂದು ದೊಡ್ಡ ಪ್ಲಾಸ್ಟಿಕ್ ಡಬ್ಬಿಯೊಳಗೆ ಇಟ್ಟಿದ್ದೆ, ಹಾರ್ನ್ ಮುಂದೆ ಡಬ್ಬಿಯ ತೆಳು ಮುಚ್ಚಳ. ಮಧ್ಯಾಹ್ನ ಮೂರಕ್ಕೆ ವಾಯವ್ಯದ ಗಾಳಿ ಚೆನ್ನಾಗಿ ಬೀಸುತ್ತಿತ್ತು. 34 ಹರ್ಟ್ಜಿನಲ್ಲಿ ಭರ್ಜರಿ ಸಿಗ್ನಲ್ ಬಂತು. ಗಾಳಿ ಜಾಸ್ತಿಯಾದರೆ ಅದೂ ಜಾಸ್ತಿ, ಗಾಳಿ ನಿಂತರೆ ಅದೂ ಕಮ್ಮಿ. ಇದಕ್ಕಿಂತ ಇನ್ನೇನು ಬೇಕು? ನೋಟ್‌ಬುಕ್ಕಿನಲ್ಲಿ ದಪ್ಪ ಅಕ್ಷರದಲ್ಲಿ ‘ಸಿಕ್ಕಿತು’ ಅಂತ ಬರೆದೆ.

ಅಕ್ಕನ ಮಗ ಟ್ರೈಪಾಡ್ ತಿರುಗಿಸುವಾಗ ಹಾರ್ನ್ ಆಕಾಶದ ಕಡೆ ಎದ್ದಿತು. “ಮಾಮಾ, ಮ್ಯಾಲೆ ಮಾಡಿದ್ರೂ ಅಷ್ಟ ಬರ್ತದಲ್ರೀ?” ಅಂದ. ನೋಡಿದರೆ ಹೌದು, ಖಾಲಿ ಆಕಾಶಕ್ಕೆ ಮುಖ ಮಾಡಿದರೂ ಅದೇ 34, ಅಷ್ಟೇ ಎತ್ತರ. ಮುಚ್ಚಳದ ಮೇಲೆ ಬೆರಳಿಟ್ಟು ಒತ್ತಿದೆ, ಹೋಯಿತು. ಗಾಳಿಗೆ ಕೂದಲೆಳೆಯಷ್ಟು ನಡುಗುತ್ತಿದ್ದ ಪ್ಲಾಸ್ಟಿಕ್ಕನ್ನು ಅಳೆದು ಸಮುದ್ರ ಅಂದುಕೊಂಡಿದ್ದೆ. ಆವತ್ತೇ ಮುಚ್ಚಳ ತೆಗೆದು ಹಾರ್ನಿನ ಬಾಯಿಗೆ 25 ಮಿಲಿಮೀಟರ್ ದಪ್ಪದ ಥರ್ಮಾಕೋಲ್ ಬಿಗಿಯಾಗಿ ತುರುಕಿದೆ, ಮೇಲೆ ತೆಳು ಪಾಲಿಥೀನ್ ಅಂಟಿಸಿದೆ. ಥರ್ಮಾಕೋಲ್ ಅಂದರೆ ಬಹುಪಾಲು ಗಾಳಿಯೇ, ರೇಡಾರಿಗೆ ಅದು ಇದ್ದೂ ಇಲ್ಲದ ಹಾಗೆ.

ಅಂದಿನಿಂದ ಒಂದು ಪದ್ಧತಿ: ಸಮುದ್ರದ ಪ್ರತಿ ಐದು ನಿಮಿಷದ ಓದಿಗೆ ಮುಂಚೆ ಒಂದು ನಿಮಿಷ ಆಕಾಶದ ಓದು. ಆಕಾಶದಲ್ಲಿ ಕಂಡದ್ದು ಸಮುದ್ರದ್ದಲ್ಲ. ಆಕಾಶದ ಓದಿಲ್ಲದ ಹಿಂದಿನ ಫೈಲುಗಳನ್ನೆಲ್ಲ ಪಕ್ಕಕ್ಕಿಟ್ಟೆ.

7. ಮಾರ್ಚ್ 23 ಮತ್ತು 30: ಹತ್ತು ಗಂಟೆಯ ಮೌನ

ಇಡೀ ಕೆಲಸದಲ್ಲಿ ನನಗೆ ಜಾಸ್ತಿ ಕಲಿಸಿದ್ದು ಈ ಎರಡು ಭಾನುವಾರ. 23ನೇ ತಾರೀಕು ಬೆಳಿಗ್ಗೆ ಏಳಕ್ಕೇ ಬಂಡೆ ಮೇಲಿದ್ದೆ. ದಾರಕ್ಕೆ ಕಲ್ಲು ಕಟ್ಟಿ ಇಳಿಬಿಟ್ಟು ನೀರು ಎಷ್ಟು ಕೆಳಗಿದೆ ಅಂತ ಅಳೆದೆ, 4.5 ಮೀಟರ್. ಇದನ್ನು ಗಂಟೆಗೊಮ್ಮೆ ಮಾಡಬೇಕು, ಭರತ ಇಳಿತದಲ್ಲಿ ಎತ್ತರ ಬದಲಾಗುತ್ತೆ. ಹಾರ್ನ್ 20 ಡಿಗ್ರಿ ಬಗ್ಗಿಸಿದರೆ 8 ಮೀಟರ್ ದೂರದಿಂದ 25 ಮೀಟರ್ ತನಕದ ನೀರು ನೋಟಕ್ಕೆ ಸಿಗುತ್ತೆ. ಬೆನ್ನಿನ ಕಡೆಯಿಂದ, ನೆಲದಿಂದ ಸಮುದ್ರಕ್ಕೆ ಸಣ್ಣ ಗಾಳಿ. ಸಿಗ್ನಲ್ ಸಣ್ಣದು, ಆದರೆ ಇತ್ತು. ಒಂಬತ್ತೂವರೆಗೆ ಇಳಿಯತೊಡಗಿತು. ಹತ್ತಕ್ಕೆ ಪೂರ್ತಿ ಸತ್ತುಹೋಯಿತು. ಆಕಾಶದ ಓದು, ಸಮುದ್ರದ ಓದು ಎರಡೂ ಒಂದೇ.

ಬಂಡೆ ಮೇಲೆ ಟವೆಲ್ ಹಾಸಿ ಡಬ್ಬಿ ಬಿಚ್ಚಿದೆ. ಕನೆಕ್ಟರ್ ಒಂದೊಂದೇ ತೆಗೆದು ಹಾಕಿದೆ, ವೋಲ್ಟೇಜ್ ನೋಡಿದೆ, ಎಲ್ಲ ಸರಿ. ಒಂದು ಸ್ಕ್ರೂ ಬಂಡೆಯ ಬಿರುಕಿಗೆ ಬಿತ್ತು, ಸಿಗಲಿಲ್ಲ. ಹನ್ನೊಂದೂವರೆ ಹೊತ್ತಿಗೆ ಎಲ್ಲ ಜೋಡಿಸಿ ಆನ್ ಮಾಡಿದರೆ ಸಿಗ್ನಲ್ ವಾಪಸ್, ಬೆಳಿಗ್ಗೆಗಿಂತ ಜೋರು. ‘ಐಎಫ್ (ಮಾಡ್ಯೂಲಿನ ಸಿಗ್ನಲ್ ಹೊರಬರುವ) ಕನೆಕ್ಟರ್ ಲೂಸ್ ಇತ್ತು, ರಿಪೇರಿ ಆಯಿತು’ ಅಂತ ಬರೆದು ಸಮಾಧಾನದಿಂದ ಊಟಕ್ಕೆ ಹೋದೆ. ಆ ಸಾಲು ಇನ್ನೂ ನೋಟ್‌ಬುಕ್ಕಿನಲ್ಲಿದೆ, ಪೂರ್ತಿ ಸುಳ್ಳು.

30ಕ್ಕೆ ಯುಗಾದಿ. ಬೇವುಬೆಲ್ಲ ತಿಂದು ಎಂಟಕ್ಕೆ ಹೋದೆವು. ಹತ್ತಕ್ಕೆ ಮತ್ತೆ ಸತ್ತಿತು. ಸ್ಕ್ರೂಡ್ರೈವರ್ ತೆಗೆಯುತ್ತಿದ್ದಾಗ ಬಲೆ ಸರಿಮಾಡುತ್ತಾ ಕೂತಿದ್ದ ವಯಸ್ಸಾದ ಮೀನುಗಾರರೊಬ್ಬರು ಕೊಂಕಣಿಯಲ್ಲಿ ಏನು ಕೆಟ್ಟಿತು ಅಂತ ಕೇಳಿದರು. ಇದು ಸಮುದ್ರದ ಮೇಲಿನ ಸಣ್ಣ ತೆರೆ ನೋಡುವ ಮಿಷನ್ನು, ನಿಂತುಹೋಗಿದೆ ಅಂದೆ. ಅವರು ನೀರಿನ ಕಡೆ ಕೈ ತೋರಿಸಿ, ತೆರೆ ಎಲ್ಲಿದೆ ಈಗ, ನೆಲದ ಗಾಳಿ ಹೋಯಿತು, ಕಡಲ ಗಾಳಿ ಹನ್ನೊಂದಕ್ಕೆ ಬರುತ್ತೆ, ಅಲ್ಲಿ ತನಕ ಎಣ್ಣೆ ಹಾಗೆಯೇ ಇರುತ್ತೆ ಅಂದರು.

ತಲೆ ಎತ್ತಿ ನೋಡಿದೆ. ದೂರದಿಂದ ಬರುವ ಉದ್ದನೆಯ ಉಬ್ಬು ಹನ್ನೆರಡು ಸೆಕೆಂಡಿಗೊಮ್ಮೆ ಬಂದು ಬಂಡೆಗೆ ತಾಗುತ್ತಲೇ ಇತ್ತು. ಆದರೆ ಅದರ ಮೈ ನುಣುಪು, ಹಾಯಿದೋಣಿಯ ನೆರಳು ಅದರಲ್ಲಿ ಮುರಿಯದೆ ಕಾಣುತ್ತಿತ್ತು. ನೀರು ಎದ್ದು ಬೀಳುತ್ತಿದೆ, ಆದ್ದರಿಂದ ಸಿಗ್ನಲ್ ಬರಲೇಬೇಕು ಅಂತ ನಾನು ಅಂದುಕೊಂಡಿದ್ದೆ. ನುಣುಪು ನೀರು ಕನ್ನಡಿ, ಓರೆಯಾಗಿ ಬಿದ್ದದ್ದನ್ನು ಆಚೆ ಕಡೆಗೆ ಕಳಿಸಿಬಿಡುತ್ತೆ. ವಾಪಸ್ ಕಳಿಸೋದು ಬೆರಳಗಲದ ಕಿರುತೆರೆ ಮಾತ್ರ, ಅದನ್ನು ಎಬ್ಬಿಸೋದು ಅಲ್ಲೇ ಬೀಸುವ ಗಾಳಿ. ಇದನ್ನು ನಾನು ಓದಿದ್ದೆ. ಇಸ್ರೋದ ಓಶನ್‌ಸ್ಯಾಟ್-2, ಆಮೇಲೆ 2016ರ ಸೆಪ್ಟೆಂಬರಿನಲ್ಲಿ ಹೋದ ಸ್ಕ್ಯಾಟ್‌ಸ್ಯಾಟ್-1, ಈ ಉಪಗ್ರಹಗಳು ಕಡಲ ಮೇಲಿನ ಗಾಳಿಯನ್ನು ಅಳೆದದ್ದೇ ಈ ನಂಟಿನ ಮೇಲೆ. ಓದಿ ಗೊತ್ತಿದ್ದರೂ ಕಣ್ಣೆದುರಿಗೆ ಇದ್ದಾಗ ಸರ್ಕ್ಯೂಟ್ ಬಿಚ್ಚಿದೆ.

ಈ ಸಲ ಡಬ್ಬಿ ಮುಟ್ಟಲಿಲ್ಲ. 11.10ಕ್ಕೆ ದೂರದಲ್ಲಿ ನೀರಿನ ಬಣ್ಣ ಕಪ್ಪಗಾದ ಒಂದು ಪಟ್ಟಿ ಕಂಡಿತು. ಅದು ನಮ್ಮ ಕಡೆ ಬಂತು, ಕೆನ್ನೆಗೆ ತಂಪು ತಾಗಿತು, ನೀರಿನ ಮೈಮೇಲೆ ಸಣ್ಣಗೆ ಜುಮ್ಮೆಂದ ಹಾಗೆ ಗೆರೆ ಎದ್ದವು, ಅದೇ ಕ್ಷಣಕ್ಕೆ ಪರದೆಯಲ್ಲಿ ಸಿಗ್ನಲ್ ಎದ್ದಿತು. ಗಾಳಿ ಮೀಟರ್ ಸೆಕೆಂಡಿಗೆ 2.6 ಮೀಟರ್ ತೋರಿಸುತ್ತಿತ್ತು.

8. ಏಪ್ರಿಲ್ 6: ಹಾವು

ಇಷ್ಟಾದರೂ 15ರ ಹತ್ತಿರ ಚೂಪಾದ ರೇಖೆ ಬಂದಿರಲಿಲ್ಲ. 5ರಿಂದ 35ರ ತನಕ ಒಂದು ದೊಡ್ಡ ಗುಡ್ಡ ಬರುತ್ತಿತ್ತು ಅಷ್ಟೇ. ತಪ್ಪು ನನ್ನ ಲೆಕ್ಕದ್ದು, ಐದು ನಿಮಿಷವನ್ನು ಒಟ್ಟಿಗೆ ಸರಾಸರಿ ಮಾಡುತ್ತಿದ್ದೆ. ಒಂದೊಂದು ಸೆಕೆಂಡಿನ ತುಂಡು ಮಾಡಿ ಪಕ್ಕಪಕ್ಕ ಜೋಡಿಸಿ ನೋಡಿದಾಗ ಗುಡ್ಡ ಕರಗಿ ಅದರೊಳಗಿನ ರೇಖೆ ಕಂಡಿತು. ಬೆಳಿಗ್ಗೆ ಎಂಟರ ಫೈಲು, ಗಾಳಿ 2.3. ರೇಖೆ ನೇರ ಇಲ್ಲ, ಹಾವು ಹರಿದ ಹಾಗೆ 13ರಿಂದ 27ಕ್ಕೆ ಏರಿ ಮತ್ತೆ ಇಳಿಯುತ್ತೆ, ಏರಿ ಇಳಿಯಲು ಹನ್ನೆರಡು ಸೆಕೆಂಡು. ಆ ಉದ್ದನೆಯ ಉಬ್ಬು ಕಿರುತೆರೆಗಳನ್ನು ಬೆನ್ನ ಮೇಲೆ ಹೊತ್ತು ಮುಂದೆ ಹಿಂದೆ ಒಯ್ಯುತ್ತಿದೆ. ಮಧ್ಯದ ಬೆಲೆ 20. ಲೆಕ್ಕದ 15, ಜೊತೆಗೆ ಗಾಳಿ ಮೇಲಿನ ನೀರನ್ನು ತಳ್ಳುವುದರದ್ದು. ಗಾಳಿಯ ವೇಗದ ಶೇಕಡಾ 3ರಷ್ಟು ಅಂತ ಹಿಡಿದರೆ ಸೆಕೆಂಡಿಗೆ 7 ಸೆಂಟಿಮೀಟರ್, ಅದು ನಾಲ್ಕೂವರೆ ಹರ್ಟ್ಜ್. ಒಟ್ಟು ಸರಿಹೋಗುತ್ತೆ. ಪ್ರಿಂಟ್ ತೆಗೆಸಿ ಗೋಡೆಗೆ ಅಂಟಿಸಿದ್ದೇನೆ.

ಉಬ್ಬು ಜೋರಿದ್ದ ದಿನ ಹಾವಿನ ಬಾಲ ಸೊನ್ನೆಗೆ ತಾಗಿ ಮೇಲಕ್ಕೆ ಮಡಚಿಕೊಳ್ಳುತ್ತೆ. ಈ ಮಾಡ್ಯೂಲಿಗೆ ಬರುವುದು, ಹೋಗುವುದು ಎರಡೂ ಒಂದೇ, ದಿಕ್ಕು ಗೊತ್ತಾಗಲ್ಲ. ಬೆಳಿಗ್ಗೆ ದೂರ ಹೋಗುವ ಕಿರುತೆರೆ, ಮಧ್ಯಾಹ್ನ ಹತ್ತಿರ ಬರುವ ಕಿರುತೆರೆ, ಪರದೆಯಲ್ಲಿ ವ್ಯತ್ಯಾಸ ಇಲ್ಲ.

9. ಏಪ್ರಿಲ್ 13ರಿಂದ ಮೇ 4: ನಿಂತ ಅಲೆ, ಮಲಗಿದ ಅಲೆ

ರೇಡಾರ್ ಅಲೆಯ ಪೋಲರೈಸೇಶನ್, ಅಂದರೆ ಅದರ ವಿದ್ಯುತ್ ಕಂಪನದ ದಿಕ್ಕು, ನೆಟ್ಟಗೆ ನಿಂತಿದ್ದರೆ ಎಷ್ಟು ವಾಪಸ್ ಬರುತ್ತೆ, ಅಡ್ಡ ಮಲಗಿದ್ದರೆ ಎಷ್ಟು ಅಂತ ನೋಡೋದು ಮುಂದಿನ ಹಂತ. ಹಾರ್ನ್ 90 ಡಿಗ್ರಿ ತಿರುಗಿಸಿದರೆ ಆಯಿತು. ಆದರೆ ಮಾಡ್ಯೂಲಿನ ಯಾವ ಬದಿ ಯಾವುದು? ಪರೀಕ್ಷೆಗೆ ಫೋಟೊ ಫ್ರೇಮಿಗೆ 5 ಮಿಲಿಮೀಟರಿಗೊಂದರಂತೆ ತಾಮ್ರದ ತಂತಿ ಬಿಗಿದೆ. ತಂತಿ ನಿಲ್ಲಿಸಿ ಹಿಡಿದಾಗ ಸಿಗ್ನಲ್ ಹಾಯಿತು, ಮಲಗಿಸಿದಾಗ ನಿಂತುಹೋಯಿತು. ಕಿಟಕಿಯ ನಿಂತ ಸರಳುಗಳ ನಡುವೆ ನಿಂತ ಹಾಳೆ ದಾಟುವ ಹಾಗೆ ನಿಂತ ಅಲೆ ದಾಟಿತು ಅಂತ ತಿಳಿದು, ಮಾರ್ಕರ್‌ನಿಂದ ಗುರುತು ಹಾಕಿದೆ.

ಮೂರು ವಾರ ಅಳೆದೆ. ಮೊದಲ ವಾರದ್ದು ಹೇಗೂ ಕೆಟ್ಟಿತು, ಒಂದನ್ನು ನಾಲ್ಕಕ್ಕೆ, ಇನ್ನೊಂದನ್ನು ಐದಕ್ಕೆ ಅಳೆದಿದ್ದೆ, ಅಷ್ಟರಲ್ಲಿ ಗಾಳಿ ಬದಲಾಗಿತ್ತು. ಆಮೇಲೆ ಎರಡೆರಡು ನಿಮಿಷಕ್ಕೆ ತಿರುಗಿಸುತ್ತಾ ಒಂದರ ಬೆನ್ನಿಗೆ ಇನ್ನೊಂದು. ಪ್ರತಿ ಸಲ ಮಲಗಿದ್ದೇ 7 ಡಿಬಿ ಜಾಸ್ತಿ. ಇಂಥ ಓರೆ ಕೋನದಲ್ಲಿ ಸಮುದ್ರದಿಂದ ನಿಂತದ್ದೇ ಜಾಸ್ತಿ ಬರಬೇಕು ಅನ್ನೋದು ಎಷ್ಟೋ ವರ್ಷದಿಂದ ಅಳೆದು ಗೊತ್ತಿರುವ ವಿಷಯ. ಹಾರ್ನ್ ಮೇಲೆ ಅನುಮಾನಪಟ್ಟೆ, ಬಂಡೆ ಮೇಲೆ ಅನುಮಾನಪಟ್ಟೆ. ಕೊನೆಗೆ ಅಕ್ಕನ ಮಗ ತಂತಿಯ ಫ್ರೇಮ್ ಕೈಯಲ್ಲಿ ಹಿಡಿದು ಹೇಳಿದ: “ಮಾಮಾ, ತಂತಿಯೊಳಗ ಕರೆಂಟ್ ಉದ್ದಕ್ಕಲ್ರೀ ಹರಿಯೋದು? ಹಂಗಾದ್ರ ಉದ್ದಕ್ಕ ಬಂದ ಅಲೆನ ಅದು ತಡೀಬೇಕು. ನೀವು ಉಲ್ಟಾ ತಿಳ್ಕೊಂಡೀರಿ.”

ಅವನು ಹೇಳಿದ್ದೇ ಸರಿ. ನಿಂತ ತಂತಿ ತಡೆಯುವುದು ನಿಂತ ಅಲೆಯನ್ನು. ಕಿಟಕಿ ಸರಳಿನ ಹೋಲಿಕೆ ಇಲ್ಲಿ ನಡೆಯಲ್ಲ. ಮೂರು ವಾರದ ಫೈಲುಗಳ ಹೆಸರೆಲ್ಲ ಅದಲುಬದಲು ಮಾಡಿದೆ, ಮಾರ್ಕರ್ ಗುರುತು ಸ್ಪಿರಿಟ್ ಹಾಕಿ ಒರೆಸಿದೆ. ಈಗ ಫಲಿತಾಂಶ: ಗಾಳಿ 4ರಿಂದ 5 ಇದ್ದಾಗ ನಿಂತದ್ದು ಮಲಗಿದ್ದಕ್ಕಿಂತ 7 ಡಿಬಿ ಜಾಸ್ತಿ.

ಮೇ 4ರ ಮಧ್ಯಾಹ್ನ ಇನ್ನೊಂದು ಕಂಡಿತು. ಮಲಗಿಸಿ ಇಟ್ಟಾಗ ಸಿಗ್ನಲ್ ಸುಮ್ನೆ ಕೆಳಗಿರುತ್ತೆ, ಇದ್ದಕ್ಕಿದ್ದಂತೆ ಅರ್ಧ ಸೆಕೆಂಡು ಮೇಲಕ್ಕೆ ಹಾರಿ ಇಳಿಯುತ್ತೆ. ನಾನು ಪರದೆಗೆ ಬೆನ್ನು ಹಾಕಿ ನೀರನ್ನು ನೋಡುತ್ತಾ, ತೆರೆಯ ತಲೆ ಒಡೆದು ಬಿಳಿ ನೊರೆ ಬಂದಾಗಲೆಲ್ಲ ‘ಹಾಂ’ ಅಂದೆ. ಅಕ್ಕನ ಮಗ ನೀರು ನೋಡದೆ ಪರದೆ ನೋಡುತ್ತಾ ಹಾರಿದಾಗಲೆಲ್ಲ ಬಟನ್ ಒತ್ತಿದ. ಇಪ್ಪತ್ತು ನಿಮಿಷದಲ್ಲಿ ನಾನು 31 ಸಲ ಕೂಗಿದ್ದೆ, ಅದರಲ್ಲಿ 24 ಹೊಂದಿದವು. ನಿಂತದ್ದರಲ್ಲಿ ಇದು ಇಷ್ಟು ಎದ್ದು ಕಾಣಲ್ಲ, ಕಿರುತೆರೆಯ ಸಿಗ್ನಲ್ಲೇ ಜೋರಿರುವುದರಿಂದ ಮುಚ್ಚಿಹೋಗುತ್ತೆ.

10. ಮೇ 11: ತೂಗುವ ಮೂಲೆ

ಡಿಬಿ ಅಂದರೆ ಯಾವುದಕ್ಕೆ ಹೋಲಿಸಿ? ಅಲ್ಯೂಮಿನಿಯಂ ಹಾಳೆಯ ಮೂರು ತ್ರಿಕೋನ, ಅಂಚು 15 ಸೆಂಟಿಮೀಟರ್, ಒಂದಕ್ಕೊಂದು ಸರಿಯಾಗಿ ಲಂಬ ಇರುವಂತೆ ಜೋಡಿಸಿ ಮೂಲೆ ಮಾಡಿದೆ. ಈ ಅಲೆಯುದ್ದಕ್ಕೆ ಅದು 2.6 ಚದರ ಮೀಟರಿನ ಗುರಿಗೆ ಸಮ. ಅಲ್ಲಾಡದ ವಸ್ತು ಈ ರೇಡಾರಿಗೆ ಕಾಣಲ್ಲ, ಹಾಗಾಗಿ ಗಾಳದ ನೈಲಾನ್ ದಾರದಲ್ಲಿ ಕಟ್ಟಿ ತೂಗಾಡಿಸಬೇಕು. ಒಂದೇ ದಾರದಲ್ಲಿ ಕಟ್ಟಿದ್ದೆ, ತೂಗುತ್ತಾ ಸುತ್ತಿಕೊಂಡಿತು, ಓದು ಒಂದಕ್ಕೊಂದು ಹೊಂದಲಿಲ್ಲ. ತೊಟ್ಟಿಲಿನ ಹಾಗೆ ಎರಡು ದಾರದಲ್ಲಿ ಕಟ್ಟಿದ ಮೇಲೆ ಸುತ್ತಿಕೊಳ್ಳೋದು ನಿಂತಿತು. 13 ಮೀಟರ್ ದೂರದಲ್ಲಿಟ್ಟು ಹೋಲಿಸಿದರೆ, ಗಾಳಿ 5 ಇದ್ದ ದಿನದ ಸಮುದ್ರ ಮೂಲೆಗಿಂತ 13 ಡಿಬಿ ಕೆಳಗೆ. ನೋಟದೊಳಗಿನ ನೀರು ಸುಮಾರು 70 ಚದರ ಮೀಟರ್, ಭಾಗಿಸಿದರೆ ಪ್ರತಿ ಚದರ ಮೀಟರಿಗೆ ಮೈನಸ್ 27 ಡಿಬಿ. ಆ 70 ಅನ್ನೋದು ಅಂದಾಜು, ಮೂರು ನಾಲ್ಕು ಡಿಬಿ ಆಚೀಚೆ ಇಟ್ಟುಕೊಳ್ಳಿ.

11. ಮೇ 18: ಎಣ್ಣೆಪಸೆ

ಬೆಳಿಗ್ಗೆ ದೋಣಿಯವರು ಭೂತಾಯಿ ಮೀನಿನ ಬಲೆ ತೊಳೆಯುತ್ತಿದ್ದರು. ಮೀನೆಣ್ಣೆಯ ತೆಳು ಪಸೆ ನೀರಿನ ಮೇಲೆ ಹರಡಿ, ಕೋಣೆಯಗಲದ ಒಂದು ನುಣುಪು ತೇಪೆಯಾಗಿ ನಿಧಾನ ನಮ್ಮ ನೋಟದೊಳಗೆ ತೇಲಿಬಂತು. ಸುತ್ತ ಕಿರುತೆರೆ ಇದ್ದೇ ಇತ್ತು, ಗಾಳಿ 3. ತೇಪೆ ಒಳಗೆ ಬಂದ ಹಾಗೆ ಸಿಗ್ನಲ್ ಇಳಿಯಿತು, 6 ಡಿಬಿ ತನಕ. ನಲವತ್ತು ಸೆಕೆಂಡು ಹಾಗೇ ಇದ್ದು ತೇಪೆ ದಾಟಿದ ಮೇಲೆ ಮತ್ತೆ ಏರಿತು. ತಯಾರಿ ಮಾಡಿ ಮಾಡಿದ ಯಾವ ಪ್ರಯೋಗವೂ ಇಷ್ಟು ಚೊಕ್ಕ ಬಂದಿರಲಿಲ್ಲ. ಆ ಫೈಲಿನ ಆಕಾಶದ ಓದೂ ಇದೆ, ಅದಕ್ಕೇ ಧೈರ್ಯವಾಗಿ ಬರೆಯುತ್ತಿದ್ದೇನೆ.

ಖರ್ಚು: ಎಚ್‌ಬಿ100 ಎರಡು ₹640, ಎಡಿಸಿ ₹240, ಇಎಸ್‌ಪಿ32 ₹420, ಕಾರ್ಡು ಮತ್ತು ಅದರ ಮಾಡ್ಯೂಲ್ ₹380, ಆಪ್-ಆಂಪ್ ಮತ್ತು ಚಿಲ್ಲರೆ ₹150, ಬ್ಯಾಟರಿ ₹1,050, ರೆಗ್ಯುಲೇಟರ್ ₹40, ಎಣ್ಣೆ ಡಬ್ಬ ₹50, ಅಲ್ಯೂಮಿನಿಯಂ ₹180, ಗಾಳಿ ಮೀಟರ್ ₹1,650, ಪೈಪು ಕ್ಲಾಂಪು ₹310, ಕನೆಕ್ಟರ್ ₹220. ಒಟ್ಟು ₹5,330. ಗಾಳಿ ಮೀಟರ್ ದುಬಾರಿ ಅನಿಸಿ ಮೊದಲು ಬಿಟ್ಟಿದ್ದೆ. ಅದನ್ನು ಮೊದಲೇ ತಗೊಂಡಿದ್ದರೆ ಮಾರ್ಚ್ 23ರಂದು ಡಬ್ಬಿ ಬಿಚ್ಚುತ್ತಿರಲಿಲ್ಲ.

ಮೇ 30ಕ್ಕೆ ಇಳಿಸಿ ನೋಡಿದಾಗ ಹಾರ್ನಿನ ಕತ್ತರಿಸಿದ ಅಂಚುಗಳಲ್ಲೆಲ್ಲ ತುಕ್ಕು, ಕನೆಕ್ಟರಿನ ಪಿನ್ನಿನ ಮೇಲೆ ಹಸಿರು ಪುಡಿ. ಥರ್ಮಾಕೋಲಿನ ಹಿಂದೆ ಒಂದು ಇರುವೆ ಗೂಡು. ಮಳೆಗಾಲದಲ್ಲಿ ಹಿತ್ತಾಳೆ ಹಾಳೆಯಲ್ಲಿ ಹೊಸ ಹಾರ್ನ್ ಮಾಡುತ್ತೇನೆ. ಬರುವ ಹೋಗುವ ದಿಕ್ಕು ಹೇಳುವ ಎರಡು ಚಾನೆಲಿನ ಮಾಡ್ಯೂಲ್ ಬೇಕು, ಎಡಿಸಿಯೂ ಬದಲಾಗಬೇಕು, ಎಡಿಎಸ್1115 ಎರಡು ಚಾನೆಲನ್ನು ಒಂದೇ ಕ್ಷಣಕ್ಕೆ ಓದಲ್ಲ. ಸದ್ಯಕ್ಕೆ ಹಿತ್ತಾಳೆ ಹಾಳೆಯ ರೇಟು ವಿಚಾರಿಸುತ್ತಿದ್ದೇನೆ.